ಐಸು ಹೆಚ್ಚಾದ ಲಸಿಕೆ ಪೆಟ್ಟಿಗೆ

ನಾನು ಒಂದು ಲಸಿಕೆ ಪೆಟ್ಟಿಗೆ. ನೀಲಿ ಮೈ, ಬಿಳಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನ್ನ ಮೈಮೇಲೆ ಎಚ್ಚರಿಕೆ ಅಂಟಿಸಿದರು: ಒಳಗಿನ ತಂಪು ಎರಡರಿಂದ ಎಂಟು ಡಿಗ್ರಿ ಇರಬೇಕು. ಅಂದಿನಿಂದ ನನ್ನದು ಹೆದರಿಕೆಯ ಬಾಳು. ಎಂಟು ದಾಟಿದರೂ ಭಯ, ಎರಡಕ್ಕಿಂತ ಇಳಿದರೂ ಭಯ.

ಇಳಕಲ್ ಕಡೆಯ ನೇಕಾರರ ಊರೊಂದರಲ್ಲಿ ಮೊದಲು ಕಸ್ತೂರಿ ಸಿಸ್ಟರ್ ಕೈಗೆ ಬಂದೆ. ಅವರು ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಕೂಡಲೇ ನನ್ನೊಳಗೆ ಇಡುತ್ತಿರಲಿಲ್ಲ. ಮೇಜಿನ ಮೇಲೆ ಹರಡಿ, ಅದು ಬೆವರುವವರೆಗೆ ಕಾಯುತ್ತಿದ್ದರು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ನೀರು ಕುಲುಕಿದ ಸದ್ದು ಕೇಳಿದರೆ ಮಾತ್ರ ಇಡುತ್ತಿದ್ದರು. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟವೇ ಸರಿ, ಕರಗಿದರೂ ಪ್ರಯೋಜನವಿಲ್ಲ. ಅವರ ಜೊತೆ ಹನ್ನೊಂದು ವರ್ಷ ಕೊಂಚ ನೆಮ್ಮದಿಯಿಂದಿದ್ದೆ.

ಅವರು ನಿವೃತ್ತರಾದ ಮೇಲೆ ನನ್ನನ್ನು ನೇಕಾರರ ಸಂಘಕ್ಕೆ ಕೊಟ್ಟರು. ಸಂಘದವರು ವರ್ಷವೂ ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸುತ್ತಿದ್ದರು. ಅರವತ್ತು ದಾಟಿದವರು, ಬಸುರಿಯರು, ದಮ್ಮು, ಸಕ್ಕರೆ ಕಾಯಿಲೆ ಇದ್ದವರು ತಪ್ಪದೆ ಬರಬೇಕೆಂದು ಮೈಕಿನಲ್ಲಿ ಕೂಗಿಸುತ್ತಿದ್ದರು. ನನ್ನನ್ನು ತುಂಬುವ ಕೆಲಸ ಮುತ್ತಪ್ಪನದು. ಅವನಿಗೆ ಶರಬತ್ತಿನ ಅಂಗಡಿಯಿತ್ತು, ದೊಡ್ಡ ಫ್ರೀಜರ್ ಇತ್ತು. ಕೆಟ್ಟವನಲ್ಲ. ಆದರೆ ಐಸು ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ಅವನ ಅಂಗಡಿಯ ಬುದ್ಧಿ. ಮೊದಲ ಸಲವೇ ಕಲ್ಲಿನಂಥ ಐಸ್‌ಪ್ಯಾಕುಗಳನ್ನು ಹಾಗೆಯೇ ತಂದು ಸೀಸೆಗಳ ಸುತ್ತ ಒತ್ತಿ ಇಟ್ಟ.

"ಎಷ್ಟ್ ಬಿಸಲಿದ್ರೂ ಏನೂ ಆಗಂಗಿಲ್ಲ," ಎಂದು ನನ್ನ ಮುಚ್ಚಳ ತಟ್ಟಿದ.

ಒಳಗೆ ಸೀಸೆಗಳು ಹೆಪ್ಪುಗಟ್ಟಿದವು; ಫ್ಲೂ ಲಸಿಕೆಯೂ ಹೆಪ್ಪುಗಟ್ಟಿದರೆ ಕೆಡುವ ಜಾತಿಯದೇ. ಹೇಳಲು ನನಗೆ ಬಾಯಿಲ್ಲ. ಶಿಬಿರದ ಭಾಷಣಗಳು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಎಲ್ಲ ಕರಗಿ ಮೊದಲಿನಂತೆಯೇ ಕಂಡವು. ಹೊಸ ನರ್ಸಿಗೆ ಅನುಮಾನ ಬರಲಿಲ್ಲ. ಅಂದು ತೋಳು ಕೊಟ್ಟವರಲ್ಲಿ ಎಪ್ಪತ್ತೆರಡು ವರ್ಷದ ನೇಕಾರ ಪರಸಪ್ಪನೂ ಒಬ್ಬ. ಶ್ರಾವಣದಲ್ಲಿ ಅವನಿಗೆ ಫ್ಲೂ ಬಂತು. ಆರೇ ದಿನ, ಹೋಗಿಬಿಟ್ಟ.

ಮರುವರ್ಷ ಅವನ ಹೆಂಡತಿ ಅಂಬವ್ವ ಲಸಿಕೆಗೆ ಒಪ್ಪಲಿಲ್ಲ. ಅವಳಿಗೆ ದಮ್ಮಿತ್ತು. ಆ ಸಲ ನರ್ಸ್ ಸಿಗದೆ ಸಂಘದವರು ಕಸ್ತೂರಿ ಸಿಸ್ಟರನ್ನೇ ಕರೆಸಿದ್ದರು. ಅವರು ಹೋಗಿ ಅಂಬವ್ವನನ್ನು ಸಂಘದ ಕಟ್ಟೆಗೆ ಕರೆತಂದರು.

"ಅವ್ರೂ ಹಾಕಿಸ್ಕೊಂಡಿದ್ರಲ್ಲವಾ. ಏನಾತು?" ಎಂದಳು ಅಂಬವ್ವ.

"ಲಸಿಕಿ ಹಾಕಿದ್ರೂ ಒಬ್ಬೊಬ್ಬರಿಗೆ ಬರತೈತಿ. ಭಾಳ ಮಂದಿಗೆ ಜೋರ್ ಆಗಂಗಿಲ್ಲ. ನಿನ್ನ ಎದಿ ಮೊದಲ ಸೋತೈತಿ, ಅಂಬವ್ವಾ. ನನ್ನ ಮಾತ ಕೇಳು."

ಅಂಬವ್ವ ಕಣ್ಣು ಮುಚ್ಚಿ ತೋಳು ಚಾಚಿದಳು. ಸಿಸ್ಟರ್ ಬರುವ ಮೊದಲೇ ನನ್ನನ್ನು ತುಂಬಿಟ್ಟವನು ಮತ್ತೆ ಮುತ್ತಪ್ಪನೇ. ಮುಚ್ಚಳದ ಹತ್ತಿರದ ಸೀಸೆ ಆಗಲೇ ಕರಗಿತ್ತು. ಸಿಸ್ಟರ್ ಅದರಲ್ಲಿದ್ದುದನ್ನೇ ಚುಚ್ಚಿದರು. ಅಂಬವ್ವ ಮನೆಗೆ ಹೋದಳು.

ಎರಡನೆಯ ಸೀಸೆ ಎತ್ತಿದಾಗ ಸಿಸ್ಟರ್ ಕೈ ತಡೆಯಿತು. ಒಳಗೆ ಐಸಿನ ಚೂರಿತ್ತು.

"ಐದ್ ನಿಮಿಷ ತಡೀರಿ, ಕರಗತೈತಿ. ಯಾರಿಗೆ ಗೊತ್ತಾಗತೈತಿ?" ಎಂದ ಮುತ್ತಪ್ಪ.

"ನನಗ ಗೊತ್ತಾಗೇತಲ್ಲೋ," ಎಂದರು ಸಿಸ್ಟರ್. ಕಾದಿದ್ದವರನ್ನೆಲ್ಲ ವಾಪಸು ಕಳಿಸಿದರು. ನನ್ನನ್ನು ಹೆಗಲಿಗೇರಿಸಿ, ಮುತ್ತಪ್ಪನನ್ನೂ ಕರೆದುಕೊಂಡು ಅಂಬವ್ವನ ಮನೆಗೆ ಹೋದರು.

"ತಪ್ಪಾಗೇತವ್ವಾ. ಲಸಿಕಿ ಐಸಾಗಿ ಕೆಟ್ಟಿತ್ತು. ನಿನಗ ಕೇಡೇನಿಲ್ಲ, ಉಪಯೋಗಾನೂ ಇಲ್ಲ. ಮುಂದಿನ ವಾರ ಮತ್ತ ಹಾಕಬೇಕು," ಎಂದರು ಸಿಸ್ಟರ್.

ಅಂಬವ್ವ ಚುಚ್ಚಿದ ತೋಳನ್ನು ಒಮ್ಮೆ ಸವರಿಕೊಂಡಳು. ಆಮೇಲೆ ಕೇಳಿದಳು, "ಹೋದ ವರ್ಷನೂ ಹಿಂಗ ಆಗಿತ್ತೇನು?"

ಈ ಪ್ರಶ್ನೆಗೇ ನಾನು ವರ್ಷವಿಡೀ ಹೆದರಿದ್ದೆ. ಸಿಸ್ಟರ್ ಮುತ್ತಪ್ಪನತ್ತ ನೋಡಿದರು.

"ಹಿಂಗ ತುಂಬಿದ್ದೆ," ಎಂದ ಅವನು. ತಲೆ ಎತ್ತಲಿಲ್ಲ.

ಅಂಬವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ವಾರ ಅವಳು ಬರುತ್ತಾಳೋ ಇಲ್ಲವೋ ಎಂದು ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಬಂದಳು. ಸಿಸ್ಟರ್ ಮುಂದೆ ತೋಳು ಚಾಚಿದಳು. ಮುತ್ತಪ್ಪನ ಕಡೆ ಮಾತ್ರ ನೋಡಲಿಲ್ಲ. ಆಮೇಲೆಯೂ ವರ್ಷ ವರ್ಷವೂ ಬಂದಳು, ವರ್ಷ ವರ್ಷವೂ ನೋಡಲಿಲ್ಲ.

ಈಗ ನನ್ನ ಮುಚ್ಚಳದ ಕೀಲು ಮುರಿದಿದೆ. ಸಂಘದ ಮೂಲೆಯಲ್ಲಿ ಕೂತಿದ್ದೇನೆ, ಹೊಸ ಪೆಟ್ಟಿಗೆ ಬಂದಿದೆ. ಸೀಸೆ ಸರಿಯಿದ್ದಿದ್ದರೆ ಪರಸಪ್ಪ ಬದುಕುತ್ತಿದ್ದನೋ ಏನೋ, ಡಾಕ್ಟರೂ ಹೇಳಲಾರರು. ಹೇಳಲಾರರು ಎಂಬುದೇ ನನ್ನನ್ನು ಇನ್ನೂ ಹೆದರಿಸುತ್ತದೆ.

ಈ ಸಲ ಮುತ್ತಪ್ಪನಿಗೂ ಅರವತ್ತು ತುಂಬಿತು. ಲಸಿಕೆಯ ಸಾಲಿನಲ್ಲಿ ಅವನು ಅಂಬವ್ವನ ಹಿಂದೆಯೇ ನಿಲ್ಲಬೇಕಾಯಿತು. ಕೆಮ್ಮು ಬಂದರೂ ಅವಳಿಗೆ ಕೇಳಿಸಬಾರದೆಂದು ಬಾಯಿಗೆ ಟವೆಲ್ ಒತ್ತಿ ತಡೆಯುತ್ತಿದ್ದ. ಅವಳು ತಿರುಗಿದಳು.

"ಮುಂದ ಬಾ," ಎಂದಳು ಅಂಬವ್ವ. "ಮೊದಲ ನೀ ಹಾಕಿಸ್ಕೋ. ಮನ್ಯಾಗ ನಿನ್ನ ಹೆಂಡತಿ ಅದಾಳ."