ಹಳೇ ಕೋಳಿಗಳ ಜಾಡಿ

ಡಾರ್ಲಾ ಪಿಧೋರ್ನಿಗೆ ಐವತ್ತೇಳು ವರ್ಷ. ಮೊಣಕಾಲೆರಡನ್ನು ಬಿಟ್ಟರೆ ಅವಳ ಮೈ ಕಲ್ಲುಗುಂಡು ಎಂದು ಊರಿಗೆ ಊರೇ ನಂಬಿತ್ತು. ವಾರವಿಡೀ ಸ್ಕೂಲ್ ಬಸ್ಸು ಓಡಿಸುತ್ತಿದ್ದಳು. ಭಾನುವಾರ ‘ಹಳೇ ಕೋಳಿಗಳು’ ಎಂಬ ಹೆಂಗಸರ ತಂಡ ಮಂಜುಗಡ್ಡೆಯ ಮೇಲೆ ಐಸ್-ಹಾಕಿ ಆಟ ಆಡುವಾಗ ಗೋಲು ಕಾಯುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಆಟದ ನಡುವೆ ಗೋಲು ಬಿಟ್ಟು ಹೊರಬಂದವಳಲ್ಲ. ಅಂಥವಳ ಮೂತ್ರಪಿಂಡ ತಮ್ಮನಿಗೆ ಕೊಡುವಷ್ಟು ಗಟ್ಟಿಯಿಲ್ಲ ಎಂದು ಆಸ್ಪತ್ರೆಯ ನರ್ಸು ಫೋನಿನಲ್ಲಿ ಹೇಳಿದಾಗ ಅವಳು ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಕೂತಳು.

ತಮ್ಮ ಮೈರಾನ್ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಲು ಶುರುಮಾಡಿ ಎರಡು ವರ್ಷವಾಗಿತ್ತು. ಅಕ್ಕನ ರಕ್ತ ಅವನಿಗೆ ಹೊಂದಿತ್ತು, ಬೇರೆಲ್ಲವೂ ಹೊಂದಿತ್ತು. ಈಗ ನೋಡಿದರೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಒಂದು ಅಂಕಿ ಏರಿ ಕೂತು ಅಡ್ಡಗಾಲು ಹಾಕಿತ್ತು.

“ಆರು ವಾರ ಬಿಟ್ಟು ಇನ್ನೊಂದು ಸಲ ಪರೀಕ್ಷೆ ಮಾಡ್ತೀವಿ,” ಎಂದಳು ನರ್ಸು. “ಆಗ್ಲೂ ಹೀಗೇ ಬಂದ್ರೆ ನಿಮ್ಮ ಫೈಲ್ ಮುಚ್ಚಬೇಕಾಗುತ್ತೆ. ಮಾತ್ರೆ ಏನಾದ್ರೂ ತಗೊಳ್ತೀರಾ?”

“ಒಂದೂ ಇಲ್ಲ.”

“ನೋವಿಗೆ?”

“ನೋವು ಬಂದ್ರೆ ತಾನೇ ತಗೊಳ್ಳೋದು!”

ಅವಳು ಸುಳ್ಳು ಹೇಳಲಿಲ್ಲ. ಹಾಗೆಂದು ಎದೆ ಮುಟ್ಟಿಕೊಂಡು ನಂಬಿದ್ದಳು, ಪಾಪ.

ಆ ಭಾನುವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಂದಿನಂತೆ ಜಾಡಿ ಹೊರಬಂತು. ಹಿಂದೆಂದೋ ಸೌತೆಕಾಯಿಯ ಉಪ್ಪಿನಕಾಯಿ ಇದ್ದ ದೊಡ್ಡ ಗಾಜಿನ ಜಾಡಿ. ಈಗ ಅದರ ತುಂಬ ಕಂದು ಬಣ್ಣದ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ. ಸ್ಕೇಟ್ ಕಟ್ಟುವ ಮುಂಚೆ ಗೋಲು ಕಾಯುವವಳು ಮೊದಲು ಕೈಹಾಕಿ ಮೂರು ತೆಗೆದುಕೊಳ್ಳಬೇಕು, ಆಮೇಲೆ ಅದು ಬೆಂಚಿನುದ್ದಕ್ಕೂ ಸಾಗಬೇಕು. ಮಧ್ಯೆ ಯಾರೂ ಅದನ್ನು ನೆಲಕ್ಕಿಡಬಾರದು, ಇಟ್ಟರೆ ಸೋಲು. ಜಾಡಿ ಹುಟ್ಟುಹಾಕಿದವಳು ನಾಯಕಿ ಗ್ವೆನ್.

ಜಾಡಿ ಹೊಸಬಳಾದ ಮಾರಿವಿಕ್ ಕೈಗೆ ಬಂದು ನಿಂತಿತು. ಫಿಲಿಪೀನ್ಸ್‌ನಿಂದ ಬಂದ ಈ ಹೆಂಗಸು ಊರಿನ ಔಷಧಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಸ್ಕೇಟ್ ಮೇಲೆ ನೆಟ್ಟಗೆ ನಿಲ್ಲಲು ಕಲಿತು ಇನ್ನೂ ಎರಡು ತಿಂಗಳಾಗಿರಲಿಲ್ಲ.

“ನಂಗೆ ಬೇಡ,” ಎಂದಳು. “ನೋವೇ ಇಲ್ಲದೆ ಔಷಧಿ ಯಾಕೆ?”

ಕೋಣೆಯೆಲ್ಲ ಗೊಳ್ಳೆಂದಿತು. “ಅಯ್ಯೋ ಇದು ಔಷಧಿಯಲ್ಲ ಕಣೇ, ನಮ್ಮ ತಿಂಡಿ,” ಎಂದಳು ಗ್ವೆನ್.

“ನಗಿ, ನಗಿ. ನೀವು ನೀರು ಕುಡಿಯಲ್ಲ, ಬೆವರು ಮಾತ್ರ ಬಕೆಟ್‌ಗಟ್ಲೆ ಸುರಿಸ್ತೀರ. ಅಂಥಾ ಹೊತ್ತಲ್ಲಿ ಇದು ಕಿಡ್ನಿಗೆ ಹೋಗೋ ರಕ್ತಾನೇ ಕಮ್ಮಿ ಮಾಡುತ್ತೆ. ಹೊಟ್ಟೆ ಹುಣ್ಣು ಬೇರೆ. ಮೊದಲೇ ನುಂಗಿದ್ರೆ ಆಟ ಚೆನ್ನಾಗಾಗುತ್ತೆ ಅನ್ನೋದೂ ಬರೀ ಭ್ರಮೆ.”

ಡಾರ್ಲಾಳ ಅಂಗೈಯಲ್ಲಿ ಮೂರು ಮಾತ್ರೆ ಬೆವರಿಗೆ ಅಂಟಿಕೊಂಡಿದ್ದವು. ಪಂದ್ಯದ ದಿನ ಮೂರು, ಅಭ್ಯಾಸದ ದಿನಗಳಲ್ಲಿ ಮೂರು, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಲು ಎರಡು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ, ಆ ಎರಡನ್ನು ನುಂಗಿದ ಮೇಲೆ. ಅವಳ ಮುಖ ಬಿಳಿಚಿಕೊಂಡಿತು. ತಮ್ಮನ ಪಾಲಿನ ಮೂತ್ರಪಿಂಡವನ್ನು ತಾನೇ ಹಾಳುಮಾಡುತ್ತಿದ್ದೆನಲ್ಲ ಎಂದುಕೊಂಡು ಮೂರನ್ನೂ ಕಸದ ಬುಟ್ಟಿಗೆ ಉದುರಿಸಿದಳು.

“ಒಂದ್ಸಲ ಕೆಟ್ಟಿದ್ದು ಸರಿಹೋಗುತ್ತಾ?” ಎಂದು ಮಾರಿವಿಕ್‌ಳನ್ನು ಮೂಲೆಗೆ ಎಳೆದು ಕೇಳಿದಳು.

“ಬಿಟ್ರೆ ಎಷ್ಟೋ ಜನರಿಗೆ ಸರಿಹೋಗುತ್ತೆ. ಖಂಡಿತ ಅಂತ ನಾನು ಹೇಳಲಾರೆ. ನಾಳೇನೇ ಆಸ್ಪತ್ರೆಗೆ ನಿಜ ಹೇಳು.”

ಹೇಳಿದಳು. ನರ್ಸು ಬೈಯಲಿಲ್ಲ, ಒಂದೂ ಮುಟ್ಟಬೇಡಿ, ನೀರು ಕುಡಿಯಿರಿ, ನೋವು ತಡೆಯಲಾಗದಿದ್ದರೆ ನಮಗೆ ಫೋನು ಮಾಡಿ ಎಂದಷ್ಟೇ ಹೇಳಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಡಾರ್ಲಾಳಿಗೆ.

ಐದನೆಯ ವಾರಕ್ಕೆ ಅಂತಿಮ ಪಂದ್ಯ ಬಂತು. ಮೈರಾನ್ ಕಂಬಳಿ ಹೊದ್ದು ಗ್ಯಾಲರಿಯಲ್ಲಿ ಕೂತಿದ್ದ. ಮಾತ್ರೆಯಿಲ್ಲದ ಮೊಣಕಾಲು ಅವಳಿಗೆ ಹೊಸ ಪರಿಚಯದಂತಿತ್ತು. ಎಲ್ಲಿ ಬಾಗಬೇಕು, ಎಲ್ಲಿ ಬೇಡ ಎಂದು ಪ್ರತಿ ಹೆಜ್ಜೆಗೂ ತಕರಾರು ತೆಗೆಯುತ್ತಿತ್ತು. ಆಟದ ಮೂರು ಅವಧಿಗಳಲ್ಲಿ ಎರಡನ್ನು ಹಲ್ಲು ಕಚ್ಚಿ ನಿಂತಳು. ಮೂರನೆಯದರಲ್ಲಿ ಎಡಗಾಲು ಚುಳ್ ಎಂದಿತು, ಎದ್ದು ನಿಲ್ಲಲಾಗಲಿಲ್ಲ. ಇಬ್ಬರು ಹಿಡಿದು ಬೆಂಚಿಗೆ ತಂದು ಕೂರಿಸಿದರು. ಎರಡೂ ತಂಡ ಎರಡೆರಡು ಗೋಲು ಹೊಡೆದು ಸಮವಾಗಿದ್ದವು.

ಗ್ವೆನ್ ಜಾಡಿ ಹಿಡಿದೇ ಓಡಿಬಂದಳು. “ಎರಡೇ ಎರಡು ಕಣೇ. ಇನ್ನು ಹನ್ನೊಂದು ನಿಮಿಷ. ನಿನ್ನ ಕಾಲಿಗೆ ಬೀಳ್ತೀನಿ.”

ಡಾರ್ಲಾಳ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಜಾಡಿಯನ್ನು ತೆಗೆದುಕೊಂಡಳು, ಮುಚ್ಚಳ ತಿರುಪಿ ಬಿಗಿಮಾಡಿದಳು, ಬೆಂಚಿನ ಕೆಳಗೆ ನೆಲದ ಮೇಲೆ ಇಟ್ಟುಬಿಟ್ಟಳು. ಕೋಳಿಗಳೆಲ್ಲ ಹಾ ಎಂದು ಬಾಯಿಬಿಟ್ಟವು.

“ಮಾರಿವಿಕ್, ಬಾರೇ. ಈ ಪ್ಯಾಡ್ ಹಾಕ್ಕೋ.”

“ನಾನಾ? ನಂಗೆ ನಿಂತ್ಕೊಳ್ಳೋಕೇ ಬರಲ್ಲ!”

“ಗೋಲಿಗೆ ಅಡ್ಡ ಬಿದ್ಕೊಂಡಿರು ಸಾಕು.”

ಸೋತರು, ಅದೂ ಆರು–ಎರಡರಿಂದ. ಮಾರಿವಿಕ್ ನಿಜಕ್ಕೂ ಬಿದ್ದುಕೊಂಡೇ ಒಂದು ಗೋಲು ತಡೆದಳು, ಅದಕ್ಕೆ ಇಡೀ ಗ್ಯಾಲರಿ ಎದ್ದು ಕೂಗಿತು. ಗ್ವೆನ್ ಮಾತ್ರ ಹದಿನೈದು ನಿಮಿಷ ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ಎದ್ದು ಜಾಡಿಯನ್ನು ಎತ್ತಿ ಮಾರಿವಿಕ್‌ಳ ಮಡಿಲಲ್ಲಿಟ್ಟು, “ಇದನ್ನೆಲ್ಲಿ ಹಾಕ್ಬೇಕೋ ಹಾಕು. ಜಾಡಿ ಮಾತ್ರ ನಂಗೆ ವಾಪಸ್ ಬೇಕು, ಉಪ್ಪಿನಕಾಯಿಗೆ,” ಎಂದಳು.

ಮೈರಾನ್ ನಿಧಾನವಾಗಿ ಮೆಟ್ಟಿಲಿಳಿದು ಬಂದ. “ನಂಗೋಸ್ಕರ ಗೋಲು ಬಿಟ್ಟು ಬಂದ್ಯಾ?”

“ನಿನ್ನ ಮುಖಕ್ಕೆ! ಕಾಲು ನೋಯ್ತಿತ್ತು, ಬಂದೆ.”

ಮುಂದಿನ ಗುರುವಾರ ಪರೀಕ್ಷೆಗೆ ರಕ್ತ ಕೊಟ್ಟಳು. ಶನಿವಾರದ ಹೊತ್ತಿಗೆ ಅಂಕಿ ಬಂತು, ಇಳಿದಿತ್ತು, ಇಳಿಯಬೇಕಾದಲ್ಲಿಗೇ ಇಳಿದಿತ್ತು. ನರ್ಸು ಫೋನಿನಲ್ಲೇ ಶಸ್ತ್ರಚಿಕಿತ್ಸೆಯ ದಿನವನ್ನೂ ಹೇಳಿದಳು. ಡಾರ್ಲಾ ಕುಂಟುತ್ತಲೇ ಡಯಾಲಿಸಿಸ್ ಕೋಣೆಗೆ ನಡೆದಳು. ಮೈರಾನ್ ಯಂತ್ರಕ್ಕೆ ತೋಳು ಕೊಟ್ಟು ಅರೆನಿದ್ದೆಯಲ್ಲಿದ್ದ.

“ಏಯ್, ಮೇ ತಿಂಗಳ ಎರಡನೇ ಮಂಗಳವಾರ ನಿಂಗೆ ಬಿಡುವಿದ್ಯಾ?”

“ಮಂಗಳವಾರ ಎಲ್ಲಿ ಆಗುತ್ತೆ,” ಎಂದ ಅವನು ಕಣ್ಣು ಬಿಡದೆ. “ಮಂಗಳವಾರ ನಾನು ಇಲ್ಲಿಗೆ ಬರ್ಬೇಕಲ್ಲ.”

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

ಮೈರಾನ್ ಕಣ್ಣು ಬಿಟ್ಟು ಅಕ್ಕನ ಮುಖ ನೋಡಿದ. “ಬರ್ಬೇಕಾಗಿಲ್ವಾ?” ಎಂದು ಕೇಳಿದ.