ಓರಿಯೆಲ್ಲೋನ ಬಲಮಗ್ಗುಲು

ಎರ್ಮೆಸ್ ಕಣ್ಣು ಮುಚ್ಚಿ ಕಾರಿನ ಎಡ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದ. ತಗಡು ಬಡಿಯುವವರು ಕಣ್ಣನ್ನು ನಂಬುವುದಿಲ್ಲ. ಬಣ್ಣ ಕಣ್ಣಿಗೆ ಮಂಕುಬೂದಿ ಎರಚೀತು, ಅಂಗೈಗೆ ಎರಚಲಾರದು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಮೊದೆನಾ ಊರಿನ ರೈಲುಹಳಿಯ ಪಕ್ಕದ ಗ್ಯಾರೇಜಿನಲ್ಲಿ, ಮರಳುಚೀಲದ ಮೇಲಿಟ್ಟು ಕೊಡತಿಯಿಂದ ತಾನೇ ಬಡಿದು ಎಬ್ಬಿಸಿದ ಉಬ್ಬು ಅದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಿರಲಿಲ್ಲ.

ಬಲಕ್ಕೆ ಬಂದು ಕೈಯಿಟ್ಟವನು ಹಾಗೇ ನಿಂತ. ಅದೂ ತನ್ನದೇ ಕೈಕೆಲಸದಂತಿತ್ತು. ಆದರೆ ಬಲಮಗ್ಗುಲನ್ನು ಅವನು ಮುಟ್ಟಿಯೇ ಇರಲಿಲ್ಲ. ಅದು ಆ ಗ್ಯಾರೇಜಿನಲ್ಲಿ ಜೊತೆಗೆ ತಗಡು ಬಡಿಯುತ್ತಿದ್ದ ಓರಿಯೆಲ್ಲೋನದು.

ಅಂದು ಕಾರಿನ ಓಟಕ್ಕೆ ಹನ್ನೊಂದೇ ದಿನ ಉಳಿದಿದ್ದರಿಂದ ಮಗ್ಗುಲಿಗೊಬ್ಬರಂತೆ ಹಂಚಿಕೊಂಡಿದ್ದರು. ಓರಿಯೆಲ್ಲೋ ಎಡಚ. ಅವನ ಉಬ್ಬು ಒಂದು ಬೆರಳು ಹೆಚ್ಚೇ ತುಂಬಿಕೊಂಡಿತ್ತು. ನಿನ್ನ ಕಡೆ ಬಸುರಿಯಾಗಿದೆಯಲ್ಲೋ ಎಂದು ಎರ್ಮೆಸ್ ಕಿಚಾಯಿಸಿದರೆ, ನಿನ್ನದು ಉಪವಾಸ ಬಿದ್ದಿದೆ ಬಿಡು ಎನ್ನುತ್ತಿದ್ದ. ಹಾಗೇ ಸೊಟ್ಟಸೊಟ್ಟಗೆ ಆ ಕಾರು ಮೂರು ವರ್ಷ ಬೆಟ್ಟದ ಓಟಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿತ್ತು. ಕಾರಿನ ಮೂತಿಯ ಮೇಲೆ ಗ್ಯಾರೇಜಿನ ಧಣಿಯ ಹೆಸರು ಮಾತ್ರ. ಓರಿಯೆಲ್ಲೋ ಸತ್ತು ಒಂಬತ್ತು ವರ್ಷ. ಅವನು ಈ ಲೋಕದಲ್ಲಿ ಬಿಟ್ಟುಹೋದದ್ದು ಆ ಒಂದು ಬೆರಳಿನ ಉಬ್ಬೊಂದೇ.

ಹಳೆಯ ಕಾರುಗಳನ್ನು ಮತ್ತೆ ಹೊಸದಾಗಿಸುವ ಈ ಕಾರ್ಖಾನೆಯ ಯಜಮಾನ ಲೋರಿಸ್ ಕಾಫಿ, ಕಾಗದ ಎರಡನ್ನೂ ಹಿಡಿದು ಬಂದ. ನಲವತ್ತರ ಪ್ರಾಯದವನು. ನಮ್ಮ ಗ್ಯಾರೇಜಿನಿಂದ ಹೊರಟಾಗ ಈ ಕಾರು ಹೀಗೇ ಇತ್ತು ಎಂದು ಎರ್ಮೆಸ್ ಸಹಿ ಹಾಕಬೇಕಿತ್ತು. ಶನಿವಾರ ಹಳೆಯ ಕಾರುಗಳ ಪ್ರದರ್ಶನ ಸ್ಪರ್ಧೆಗೆ ಆ ಕಾಗದ ಬೇಕಿತ್ತು.

"ಬಲಗಡೆ ಯಾರೋ ಗುದ್ದಿಸಿ, ಕೆಟ್ಟದಾಗಿ ರಿಪೇರಿ ಮಾಡ್ಸಿದ್ರು ಮೇಷ್ಟ್ರೇ. ಮೆಷಿನ್ನಲ್ಲಿ ಅಳೆದೆ, ಹದಿಮೂರು ಮಿಲಿಮೀಟರ್ ತಪ್ಪು. ನೀವು ಬಡಿದ ಕಡೆ ನೋಡ್ಕೊಂಡು ಕನ್ನಡೀಲಿ ಕಂಡಂಗೆ ಮಾಡಿಸ್ದೆ."

"ಹಳೇ ತಗಡು ಎಲ್ಲಿ?"

ಹಿತ್ತಲಿನ ಗುಜರಿ ತೊಟ್ಟಿಯಲ್ಲಿತ್ತು, ಎರಡು ತುಂಡಾಗಿ. ಲೋರಿಸ್ ನೆರವಿಗೆ ಬಂದಾಗ ಎರ್ಮೆಸ್ ಅವನನ್ನು ಮೊಣಕೈಯಿಂದ ತಳ್ಳಿದ. ಎಪ್ಪತ್ತೊಂದರ ತೋಳುಗಳಲ್ಲಿ ತಾನೇ ಹೊತ್ತುತಂದು ಮೇಜಿನ ಮೇಲೆ ಕುಕ್ಕಿದ. ಕಾಫಿ ಚೆಲ್ಲಿತು. ತಗಡಿನ ಒಳಮೈ ತುಂಬ ಓರಿಯೆಲ್ಲೋನ ಏಟುಗಳು, ಎಲ್ಲವೂ ಎಡದಿಂದ ಓರೆಯಾಗಿ ಬಿದ್ದವು.

"ಗುದ್ದಿಸಿದ್ದಲ್ಲ ಕಣಯ್ಯಾ. ಇದನ್ನ ಮಾಡಿದ್ದೇ ಹೀಗೆ."

ಲೋರಿಸ್ ರಮಿಸಲು ನೋಡಿದ. ಎರಡು ಬದಿ ಹೊಂದದಿದ್ದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ, ಈಗ ಸಹಿ ಹಾಕಿಬಿಡಿ, ಈ ತುಂಡನ್ನು ಮಾಡಿದವರ ಹೆಸರು ಬರೆಸಿ ಗೋಡೆಗೆ ತಗಲಿಹಾಕುತ್ತೇನೆ ಎಂದ.

"ಗೋಡೆಗೆ ನಿನ್ನ ತಲೆ ತಗಲಿಹಾಕ್ಕೋ."

ಎರ್ಮೆಸ್ ಕಾಗದ ಎಳೆದುಕೊಂಡು ಅಚ್ಚಾದ ಸಾಲುಗಳನ್ನೆಲ್ಲ ಹೊಡೆದುಹಾಕಿ, ಅವುಗಳ ಕೆಳಗೆ ಬರೆದ: ಎಡಮಗ್ಗುಲು ನಾನು ಬಡಿದದ್ದು. ಬಲಮಗ್ಗುಲು ಓರಿಯೆಲ್ಲೋ ಬೆರ್ಗೊಂಜಿನಿ ಬಡಿದದ್ದು. ಅದನ್ನು ಈ ವರ್ಷ ಲೋರಿಸ್ ಕತ್ತರಿಸಿ ಎಸೆದ. ಸಹಿ ಹಾಕಿ ಮುಂದಕ್ಕೆ ತಳ್ಳಿದ.

ಲೋರಿಸ್ ಅದನ್ನು ಓದಿದ. ಈ ಕಾಗದ ಹಿಡಿದು ಹೋದರೆ ಕಾರನ್ನು ಗೇಟಿನೊಳಕ್ಕೂ ಬಿಡುವುದಿಲ್ಲ. ಹಳೆಯದನ್ನೇ ಕೂರಿಸಿದರೆ ಬೇರೆ ಬರೆದುಕೊಡುತ್ತೀರಾ, ನೀವೇ ಬಡಿದು ಸೇರಿಸಿಕೊಡುತ್ತೀರಾ ಎಂದು ಕೇಳಿದ.

"ಬರ್ಕೊಡ್ತೀನಿ. ಆದ್ರೆ ನಾನು ಮುಟ್ಟಲ್ಲ. ನಾನು ಮುಟ್ಟಿದ್ರೆ ಅದೂ ನಂದೇ ಆಗ್ಬಿಡುತ್ತೆ. ಎರಡು ತುಂಡನ್ನೂ ಇರೋ ಹಾಗೇ ಬೆಸಿ, ಕೊಡತಿ ತಾಗಿಸ್ಬೇಡ. ಬೆಸುಗೆ ಕಾಣ್ಲಿ. ನೀನು ಮಾಡಿದ್ದು ನಿನ್ನ ತೀರ್ಪುಗಾರರಿಗೂ ಗೊತ್ತಾಗ್ಲಿ."

ಲೋರಿಸ್ ಕಾಗದವನ್ನು ಬದಿಗಿಟ್ಟ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು, ಬಲಮಗ್ಗುಲಿನ ಹೊಳೆಯುವ ಹೊಸ ಬಣ್ಣದ ಮೇಲೆ ಕತ್ತರಿಸುವ ಗೆರೆ ಎಳೆಯತೊಡಗಿದ. ಎರ್ಮೆಸ್ ಸ್ಟೂಲು ಎಳೆದುಕೊಂಡು ಎದುರಿಗೇ ಕೂತ. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಗೆರೆ ಇನ್ನೂ ಹಿಂದಕ್ಕೆ," ಎಂದ.