ಸುಮ್ಮನೆ ಕೂರುವ ಅಭ್ಯಾಸ

ನಮ್ಮ ವಾಲ್‌ಫೋರ್ಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಮೂರು ವರ್ಷಗಳಲ್ಲಿ ಆಡಿದ ಮೂವತ್ತು ಆಟಗಳನ್ನೂ ಸೋತಿತ್ತು. ಆ ತಂಡದ ಹೆಲ್ಮೆಟ್ಟು, ಭುಜದ ಪ್ಯಾಡು, ಅಂಗಿ ಇವನ್ನೆಲ್ಲ ನೋಡಿಕೊಳ್ಳುವವಳು ನಾನು. ಗೆದ್ದವರ ಅಂಗಿಗೂ ಸೋತವರ ಅಂಗಿಗೂ ಅಂಟುವ ಮಣ್ಣು ಒಂದೇ, ಒಗೆಯುವ ಸೋಪೂ ಒಂದೇ. ಆದರೂ ಆ ವರ್ಷ ಕಾಲೇಜಿನ ಅಧ್ಯಕ್ಷರು ಹೊಸ ಕೋಚ್ ಆರ್ಲೆನ್ ಟ್ವೀಟೆನ್‌ಗೆ ಹೇಳಿದ ಮಾತು ನನ್ನ ಹೊಟ್ಟೆಪಾಡಿಗೂ ತಟ್ಟಿತು. ಈ ಸಲ ಒಂದಾದರೂ ಆಟ ಗೆಲ್ಲದಿದ್ದರೆ ತಂಡವನ್ನೇ ಮುಚ್ಚುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು.

ಆರ್ಲೆನ್ ಹಾಲಿನ ದನಗಳ ನಡುವೆ ಬೆಳೆದವರು, ಆತುರದ ಮನುಷ್ಯರಲ್ಲ. ಬಟ್ಟೆ ಒಣಗಿಸುವ ಯಂತ್ರಕ್ಕೆ ಒರಗಿಕೊಂಡು ಆ ವರ್ಷದ ಆಟಗಳ ಪಟ್ಟಿ ಓದುತ್ತಿದ್ದರು.

"ಲವಾನ್, ಇಲ್ನೋಡಿ. ಹೊರಗೆ ಹೋಗಿ ಆಡೋದು ಐದು ಆಟ. ಅದರಲ್ಲಿ ನಾಲ್ಕು ಆಯಾ ಕಾಲೇಜಿನ ಹಳೇ ವಿದ್ಯಾರ್ಥಿಗಳ ಹಬ್ಬದ ದಿನಾನೇ ಬಿದ್ದಿದೆ."

"ಬಿದ್ದಿರೋದಲ್ಲ ಕೋಚ್, ಬೀಳಿಸ್ಕೊಂಡಿರೋದು. ಹಬ್ಬಕ್ಕೆ ಅಂತ ಬಂದ ಹಳಬರ ಮುಂದೆ ಸೋಲೋಕಾಗುತ್ತಾ? ಅದಕ್ಕೇ ನಮ್ಮನ್ನ ಕರೀತಾರೆ."

"ಅಂದ್ರೆ ನಾವು ಹಬ್ಬದ ಕೋಳಿ."

"ಕೋಳಿಯಾದ್ರೂ ಒಂದೇ ಹಬ್ಬಕ್ಕೆ ಸಾಯುತ್ತೆ."

ಅವರು ನಗಲಿಲ್ಲ. ಹಬ್ಬದ ದಿನ ನಡುವಿನ ವಿರಾಮ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಬೇರೆ ದಿನ ಇಪ್ಪತ್ತು ನಿಮಿಷ. ಹಬ್ಬದ ದಿನವಾದರೆ ಬ್ಯಾಂಡು ಬಾರಿಸಬೇಕು, ಮುದುಕರು ಭಾಷಣ ಮಾಡಬೇಕು, ವಿದ್ಯಾರ್ಥಿಗಳು ಆರಿಸಿದ ರಾಜ-ರಾಣಿಗೆ ಕಿರೀಟ ಇಡಬೇಕು. ನಲವತ್ತು ನಿಮಿಷಕ್ಕೆ ಮೋಸವಿಲ್ಲ ಎಂದೆ. ಇಪ್ಪತ್ತೆರಡು ವರ್ಷ ಆ ನಲವತ್ತು ನಿಮಿಷಗಳಲ್ಲಿ ನಾನು ಕಾಲುಚೀಲ ಮಡಚಿದ್ದೇನೆ.

"ಅಷ್ಟು ಹೊತ್ತು ನಮ್ಮ ಹುಡುಗರು ಏನ್ಮಾಡ್ತಾರೆ?"

"ತಣ್ಣಗಾಗ್ತಾರೆ. ಆಮೇಲೆ ಹೋಗಿ ಸೋಲ್ತಾರೆ."

ಮರುದಿನದಿಂದ ಹೊಸ ಅಭ್ಯಾಸ ಶುರುವಾಯಿತು. ಒಂದು ಗಂಟೆ ಆಟ, ನಂತರ ನಲವತ್ತು ನಿಮಿಷ ಮೈದಾನದ ಪಕ್ಕದ ಜಾನುವಾರು ಪ್ರದರ್ಶನದ ಖಾಲಿ ಶೆಡ್ಡಿನಲ್ಲಿ ಕೋಟು ಹೊದ್ದು ಕೂರುವುದು. ಮೊದಲ ಹತ್ತು ನಿಮಿಷ ಮಾತೇ ಇಲ್ಲ. ಆಮೇಲೆ ಒಂದೊಂದು ಬನ್ನು, ಆಮೇಲೆ ಪಾಠ. ಕೊನೆಯ ಹನ್ನೆರಡು ನಿಮಿಷ ಒಣಹುಲ್ಲಿನ ಮೇಲೆ ಓಡಿ, ಒಬ್ಬರಿಗೊಬ್ಬರು ಭುಜ ಕೊಟ್ಟು ಗುದ್ದಾಡಿ ಬೆವರು ಬರಿಸಿಕೊಂಡು ಮತ್ತೆ ಮೈದಾನಕ್ಕೆ.

ನಾಯಕ ಓರಿನ್ ಬೆಸ್ಕೆಗೆ ಇದು ಹಿಡಿಸಲಿಲ್ಲ. ಕೊನೆಯ ವರ್ಷದ ಹುಡುಗ ಅವನು, ಒಂದು ಗೆಲುವನ್ನೂ ಕಂಡವನಲ್ಲ. "ಬೇರೆಯವರು ಓಡೋದು ಕಲೀತಾರೆ, ನಾವು ಕೂರೋದು ಕಲೀತಿದೀವಿ," ಎಂದು ನನ್ನ ಹತ್ತಿರ ಗೊಣಗಿದ. "ನೀನೇ ಹೇಳು ಅಜ್ಜಿ, ನಾವೇನು ಮೊಟ್ಟೆ ಮೇಲೆ ಕೂತಿದೀವಾ?"

"ನಂಗಿನ್ನೂ ಐವತ್ತೆಂಟು ಕಣೋ. ಅಜ್ಜಿ ಅಂದ್ರೆ ಒದ್ದೆ ಅಂಗೀನೇ ಕೊಡ್ತೀನಿ."

ಮೊದಲ ಹಬ್ಬದಲ್ಲಿ ಮರ್ಯಾದೆ ಹೋಯಿತು. ಕಿರೀಟವಿಡುವ ಹೊತ್ತಿಗೆ ಆಲಿಕಲ್ಲು ಬಿದ್ದು, ಅವರು ಸಮಾರಂಭವನ್ನು ಅರ್ಧಕ್ಕೇ ಮುಗಿಸಿಬಿಟ್ಟರು. ನಮ್ಮ ಹುಡುಗರು ಒಳಗೆ ಶಿಸ್ತಾಗಿ ಬನ್ನು ತಿನ್ನುತ್ತಿದ್ದರು. ರೆಫರಿಯೇ ಬಂದು ಬಾಗಿಲು ತಟ್ಟಬೇಕಾಯಿತು. ಮೈದಾನಕ್ಕೆ ತಡವಾಗಿ ಬಂದದ್ದಕ್ಕೆ ಹದಿನೈದು ಗಜ ಹಿಂದೆ ಸರಿಯುವ ದಂಡ ಬಿತ್ತು, ಆಟ ಮೂವತ್ತೊಂದು ಅಂಕಗಳಿಂದ ಹೋಯಿತು. ದೇಶದಲ್ಲೆಲ್ಲ ಕೂತೇ ದಂಡ ತಿಂದ ತಂಡ ನಮ್ಮದೊಂದೇ ಎಂದು ಊರಿನ ಕಾಫಿ ಅಂಗಡಿಯಲ್ಲಿ ವಾರವಿಡೀ ಮಾತು.

ಆರ್ಲೆನ್ ಅಭ್ಯಾಸ ಬಿಡಲಿಲ್ಲ. "ತಪ್ಪಾಗಿದ್ದು ಕೂತಿದ್ದಲ್ಲ, ಹೊರಗೇನು ನಡೀತಿದೆ ಅಂತ ಗೊತ್ತಿಲ್ದೆ ಕೂತಿದ್ದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಲವಾನ್, ನಿಮಗೆ ಮಾತು ಬರುತ್ತೆ," ಎಂದರು.

ಬರುತ್ತದೆ, ಅಲ್ಲಗಳೆಯುವುದಿಲ್ಲ. ಅಂದಿನಿಂದ ಪ್ರತಿ ಹಬ್ಬದ ಮುಂಚೆ ಆ ಕಾಲೇಜಿನ ಹಬ್ಬದ ಸಮಿತಿಗೆ ಫೋನು ಮಾಡುವುದು ನನ್ನ ಕೆಲಸವಾಯಿತು. ಎಲ್ಲ ಕಡೆಯೂ ಫೋನೆತ್ತುವವಳು ನನ್ನಂಥವಳೇ ಒಬ್ಬ ಹೆಂಗಸು. ಬ್ಯಾಂಡಿನವರದು ಎಷ್ಟು ಹಾಡು, ಭಾಷಣ ಯಾರದು, ಮಳೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಸಾಕು, ಮೊಮ್ಮಗಳ ಹಲ್ಲುನೋವಿನವರೆಗೂ ಹೇಳುತ್ತಿದ್ದರು. ಆಟದ ದಿನ ಹೊರಗೆ ನಿಂತು ಹಾಡು ಎಣಿಸಿ ಒಳಗೆ ಸುದ್ದಿ ಮುಟ್ಟಿಸುವವಳೂ ನಾನೇ.

ಎರಡನೆಯ ಹಬ್ಬದಲ್ಲಿ ಒಂಬತ್ತು ಅಂಕಗಳಿಂದ ಸೋತೆವು, ಮೂರನೆಯದರಲ್ಲಿ ಎರಡರಿಂದ. ನಡುನಡುವೆ ನಮ್ಮೂರಲ್ಲಿ ಆಡಿದ ಆಟಗಳನ್ನು ಎಂದಿನಂತೆ ಸೋತಿದ್ದೆವು. ಆದರೆ ಆ ಎರಡೂ ಹಬ್ಬಗಳಲ್ಲಿ ವಿರಾಮ ಮುಗಿದ ಮೊದಲ ಕಾಲು ಗಂಟೆ ನಮ್ಮದಾಗಿತ್ತು. ಓರಿನ್ ಗೊಣಗುವುದನ್ನು ನಿಲ್ಲಿಸಿದ. ಒಂದು ದಿನ ಶೆಡ್ಡಿನಲ್ಲಿ ಪಿಸುಗುಟ್ಟಿದವನೊಬ್ಬನಿಗೆ, "ಸರಿಯಾಗಿ ಕೂರೋ," ಎಂದು ಬೈದದ್ದು ನನ್ನ ಕಿವಿಗೆ ಬಿತ್ತು.

ನಾಲ್ಕನೆಯ ಹಬ್ಬ ನೆಲ್ಸೆತ್ ಕಾಲೇಜಿನಲ್ಲಿ, ಅಕ್ಟೋಬರಿನ ಕೊನೆಯ ಶನಿವಾರ. ಅದಾದ ಮೇಲೆ ಉಳಿಯುವ ಎರಡು ಆಟಗಳು ಬಲಾಢ್ಯರ ಎದುರು, ಅಲ್ಲಿ ಯಾರೂ ಆಸೆ ಇಟ್ಟುಕೊಂಡಿರಲಿಲ್ಲ. ಗೆದ್ದರೆ ನೆಲ್ಸೆತ್‌ನಲ್ಲೇ ಗೆಲ್ಲಬೇಕಿತ್ತು. ಅಲ್ಲಿನ ಹಬ್ಬದ ಸಮಿತಿಯ ಹೆಂಗಸು ಫೋನಿನಲ್ಲಿ, "ಈ ಸಲ ರಾಜ ಯಾರು ಗೊತ್ತೇನ್ರೀ? ನಮ್ಮ ಕ್ವಾರ್ಟರ್‌ಬ್ಯಾಕ್ ಹುಡುಗಾನೇ. ಯಾರಿಗೂ ಹೇಳ್ಬೇಡಿ ಮತ್ತೆ," ಎಂದಿದ್ದಳು. ಆಟವಾಡಿಸುವವನೂ ಅವನೇ, ಚೆಂಡು ಎಸೆಯುವವನೂ ಅವನೇ. ನಾನು ಒಬ್ಬರಿಗೆ ಮಾತ್ರ ಹೇಳಿದೆ.

ವಿರಾಮಕ್ಕೆ ಹದಿಮೂರು–ಹತ್ತು, ಅವರೇ ಮುಂದೆ. ಬಯಲಿನ ಗಾಳಿ ಕಿವಿ ಕೊಯ್ಯುತ್ತಿತ್ತು. ಆ ಹುಡುಗ ಬೆವರಿದ ಮೈಯಲ್ಲೇ ಕಿರೀಟ ಇಟ್ಟುಕೊಂಡು, ಅಮ್ಮನ ಕೈ ಹಿಡಿದು ಮೈದಾನದ ನಡುವೆ ನಿಂತ. ಭಾಷಣ ಮಾಡಿದ ಹಳಬ ತನ್ನ ಕಾಲದ ಆಟಗಳನ್ನು ಒಂದೊಂದಾಗಿ ನೆನೆದ. ಅವನ ಆಯಸ್ಸು ಗಟ್ಟಿಯಾಗಿರಲಿ ಎಂದುಕೊಂಡೆ. ಬ್ಯಾಂಡಿನವರು ಕೊನೆಯ ಹಾಡಿಗೆ ಸಾಲುಗಟ್ಟುವಾಗ ನಾನು ಒಳಗೆ ಹೋಗಿ, "ಎದ್ದೇಳಿ," ಎಂದೆ.

ನಮ್ಮವರು ಬೆವರುತ್ತಲೇ ಹೊರಬಂದರು. ಅವರ ರಾಜ ಎಸೆದ ಮೊದಲ ಚೆಂಡು ಓರಿನ್‌ನ ಕೈಗೇ ಬಂತು. ಹತ್ತು ನಿಮಿಷದಲ್ಲಿ ನಾವು ಎರಡು ಸಲ ಅವರ ಗೆರೆ ದಾಟಿ ಏಳೇಳು ಅಂಕ ಪಡೆದೆವು, ಇಪ್ಪತ್ತನಾಲ್ಕು–ಹದಿಮೂರು. ಆಮೇಲೆ ಆ ಹುಡುಗನ ತೋಳು ಬಿಸಿಯಾಗಿ ಅವರು ಏಳು ಅಂಕ ತೆಗೆದರು. ಕೊನೆಯ ನಿಮಿಷದಲ್ಲಿ ನಮ್ಮ ಗೆರೆಯಿಂದ ಎರಡೇ ಗಜ ದೂರದಲ್ಲಿದ್ದರು. ಗೆರೆ ದಾಟಲು ಇರುವುದು ನಾಲ್ಕೇ ಅವಕಾಶ, ನಾಲ್ಕು ಸಲವೂ ನುಗ್ಗಿದರು. ನಾಲ್ಕನೆಯ ಸಲ ಬಿದ್ದವರ ರಾಶಿಯನ್ನು ರೆಫರಿಗಳು ಒಬ್ಬೊಬ್ಬರನ್ನಾಗಿ ಎಳೆದು ಬಿಡಿಸಿದರು. ಚೆಂಡು ಗೆರೆ ದಾಟಿರಲಿಲ್ಲ.

ಬಸ್ಸು ಹೊರಡುವ ಮೊದಲು ಅಧ್ಯಕ್ಷರ ಫೋನು ಬಂತು. ಆರ್ಲೆನ್ ಮೂರು ಸಲ "ಹೂಂ ಸರ್" ಎಂದು ಕೆಳಗಿಟ್ಟರು.

"ಏನಂತೆ?" ಎಂದೆ.

"ಇನ್ನೊಂದು ವರ್ಷ ಇಟ್ಕೋತಾರಂತೆ. ಅಷ್ಟೇ."

ಜೋಳ ಕೊಯ್ದ ಹೊಲಗಳ ನಡುವೆ ಅರ್ಧ ಗಂಟೆ ದಾರಿ ಸಾಗಿದರೂ ಬಸ್ಸಿನಲ್ಲಿ ಒಂದು ಪಿಟ್ಟೆನ್ನುವ ಸದ್ದಿಲ್ಲ. ಸೋತು ಬರುವಾಗ ಮಾತಾಡಬಾರದೆಂಬುದು ಫುಟ್‌ಬಾಲಿನವರ ಹಳೆಯ ಕಟ್ಟಳೆ. ಆ ಹುಡುಗರಿಗೆ ಬೇರೆ ಬಗೆಯ ವಾಪಸು ಪಯಣವೇ ಗೊತ್ತಿರಲಿಲ್ಲ. ಕೊನೆಗೆ ಹಿಂದಿನ ಸೀಟಿನಿಂದ ಓರಿನ್‌ನ ದನಿ ಬಂತು.

"ಕೋಚ್, ಗೆದ್ದಾಗ ಮಾತಾಡಬಹುದಾ?"

ಆರ್ಲೆನ್ ತಿರುಗಿ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದ ಹಳಬಳು ನಾನೊಬ್ಬಳೇ.

"ಹಿಂದೆಲ್ಲ ಮಾತಾಡ್ತಿದ್ರು," ಎಂದೆ.